ಮಾವನ ಹನ್ನೊಂದು ಕಲ್ಲುಗಳು

ಮಾವ ಗುರುತಿಸಿದ್ದ ಕಲ್ಲು ಕೆರೆಯ ನಟ್ಟನಡುವೆ ಇತ್ತು. ನಕ್ಷೆಯಲ್ಲಿ, ಅಷ್ಟೆ. ನಿಜವಾದ ಕಲ್ಲು ಅಲ್ಲಿಂದ ಮುಕ್ಕಾಲು ಮೈಲಿ ದೂರ, ಇಟ್ಟಿಗೆ ಗೂಡಿನ ಹಿಂದಿನ ಪೊದೆಯೊಳಗೆ, ಅರ್ಧ ಮಣ್ಣಲ್ಲಿ ಹೂತು ತಣ್ಣಗೆ ಕೂತಿತ್ತು.

ಸೊಸೆ ಪೊದೆ ಸರಿಸಿ ಕಲ್ಲಿನ ಮೇಲಿನ ಮಣ್ಣು ಒರೆಸಿದಳು. ಇದು ಹನ್ನೊಂದನೆಯದು. ಹನ್ನೊಂದಕ್ಕೆ ಹನ್ನೊಂದೂ ತಪ್ಪು!

ಹಳೆಯ ಕೆತ್ತನೆಗಲ್ಲುಗಳ ನಕ್ಷೆ ಅವಳ ಹೊಣೆ. ಪರಂಪರೆ ಇಲಾಖೆಯ ಆ ಇಕ್ಕಟ್ಟು ಕೋಣೆಯಲ್ಲಿ ಎರಡು ಕಂಪ್ಯೂಟರ್, ಕಿರುಗುಟ್ಟುವ ಒಂದು ಫ್ಯಾನು, ಮತ್ತೆ ಅವಳು. ಒಟ್ಟು ನಲವತ್ತು ಕಲ್ಲು. ಎರಡು ವರ್ಷದ ಹಿಂದೆ ಇಪ್ಪತ್ತೊಂಬತ್ತನ್ನು ಅವಳು ಅಳೆದಿದ್ದಳು. ಆಳು ಸಾಲದೆ ಇಲಾಖೆ ಅವಳ ಮಾವನನ್ನೂ ಕರೆದಿತ್ತು. ಮೂವತ್ತೈದು ವರ್ಷ ಸರ್ವೆ ಮಾಡಿ ನಿವೃತ್ತರಾದವರು. ಉಳಿದ ಹನ್ನೊಂದು ಅವರ ಪಾಲು. ನಕ್ಷೆ ಎಲ್ಲರಿಗೂ ಕಾಣುವ ಹಾಗೆ ಜಾಲತಾಣಕ್ಕೆ ಏರುತ್ತದೆಂದು ತಿಳಿದಾಗ ಮಾವ ಕೇಳಿದ್ದು ಒಂದೇ ಮಾತು.

"ಊರಿಗೆಲ್ಲ ಹೇಳ್ಬೇಕಾ ಇದನ್ನ?"

"ಗೊತ್ತಿಲ್ದಿದ್ರೆ ಜನ ಕಾಪಾಡೋದು ಹೇಗೆ ಮಾವ?" ಎಂದು ಅವಳು ನಕ್ಕಿದ್ದಳು. ಹಳೇ ಕಾಲದವರು, ಅವರಿಗೆ ಎಲ್ಲವೂ ಗುಟ್ಟು.

ನಕ್ಷೆ ಜಾಲತಾಣಕ್ಕೆ ಏರಿತು. ಆಮೇಲೆ ಕಲ್ಲುಗಳು ಕಳುವಾಗುತ್ತಿವೆ ಎಂಬ ಸುದ್ದಿ ಶುರುವಾಯಿತು. ಯಾವುವು, ಎಷ್ಟು, ಯಾರಿಗೆ ಗೊತ್ತು? ಪೊಲೀಸರ ಪಟ್ಟಿಗೆ ಅವರದೇ ನಂಬರು, ಅವರದೇ ಹೆಸರು. ಇವಳ ನಕ್ಷೆಗೂ ಅದಕ್ಕೂ ತಾಳಮೇಳವಿಲ್ಲ. ಎಲ್ಲ ಇಲಾಖೆಗಳ ಮಾಹಿತಿಯೂ ಒಂದೇ ಮಾದರಿಗೆ ಬಂದು ಒಂದೇ ನಕ್ಷೆಯಲ್ಲಿ ಕೂರಬೇಕೆಂದು ಅವಳು ಒಂದು ವರ್ಷ ಮೇಜಿನಿಂದ ಮೇಜಿಗೆ ಚಪ್ಪಲಿ ಸವೆಸಿದಳು. ಅಂತೂ ಆದೇಶ ಬಂತು. ನಕ್ಷೆ ಕಳಿಸಲು ಇವತ್ತು ಸಂಜೆ ನಾಲ್ಕಕ್ಕೆ ಗಡುವು.

ಕಳಿಸುವ ಮುನ್ನ ಮಾವನ ಕಲ್ಲುಗಳನ್ನು ಒಮ್ಮೆ ನೋಡಿಬಿಡೋಣ ಎಂದು ವಾರವಿಡೀ ಸ್ಕೂಟರ್ ಓಡಿಸಿದ್ದಳು. ತನ್ನವನ್ನು ನೋಡುವ ಅಗತ್ಯವಿರಲಿಲ್ಲ. ಅಂಗುಲ ಆಚೀಚೆಯಾಗದ ಹಾಗೆ ಅಳೆದಿದ್ದಳು. ಮಾವನವು ಮಾತ್ರ ಒಂದು ಕೆರೆಯಲ್ಲಿ, ಒಂದು ರೈಲು ಹಳಿಯ ಮೇಲೆ, ಇನ್ನೊಂದು ಬಟಾಬಯಲಿನಲ್ಲಿ. ಆ ಬಯಲಲ್ಲಿ ಸೊಂಟದಷ್ಟು ಆಳದ ಗುಂಡಿ ಬಿಟ್ಟರೆ ಮತ್ತೇನೂ ಇರಲಿಲ್ಲ. ದನ ಕಾಯುವವರನ್ನೆಲ್ಲ ಕೇಳಿ ಕೇಳಿ ನಿಜವಾದ ಜಾಗಗಳನ್ನು ಪತ್ತೆ ಮಾಡುವಷ್ಟರಲ್ಲಿ ಸಾಕುಸಾಕಾಗಿತ್ತು.

ಮಾವನ ಅಣ್ಣನಿಗೂ ಹೀಗೇ ಶುರುವಾಗಿತ್ತು. ಮೊದಲು ದಾರಿ ಮರೆತರು, ಆಮೇಲೆ ಮಕ್ಕಳನ್ನು. ಅಯ್ಯೋ, ಇವರಿಗೂನಾ? ಇವತ್ತು ಬೆಳಿಗ್ಗೆ ಅವಳು ಎಲ್ಲೋ ಇಟ್ಟು ಮರೆತ ಸ್ಕೂಟರ್ ಕೀಲಿಯನ್ನು ಹುಡುಕಿಕೊಟ್ಟವರು ಅವರೇ. ಗಾಬರಿಯಲ್ಲಿ ಅದು ಅವಳಿಗೆ ನೆನಪಾಗಲಿಲ್ಲ.

ಯಾರಿಗೂ ಹೇಳಲಿಲ್ಲ. ಮಾವನ ಮಾನ ಹೋಗಬಾರದು. ಕಣ್ಣೊರೆಸಿಕೊಳ್ಳುತ್ತಲೇ ಹನ್ನೊಂದನ್ನೂ ಸರಿಯಾದ ಜಾಗಕ್ಕೆ ಸರಿಸಿ, ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಳಿಸಿದಳು.

ಮನೆಯಲ್ಲಿ ಮಾವ ಪೇಪರಿನ ಪದಬಂಧ ತುಂಬುತ್ತಿದ್ದರು. ಎರಡೇ ಮನೆ ಬಾಕಿ.

"ಮಾವ, ನಿಮ್ಮ ಕಲ್ಲೆಲ್ಲ ಸರಿ ಮಾಡಿ ಕಳಿಸ್ದೆ. ನೀವೇನೂ ಯೋಚ್ನೆ ಮಾಡ್ಬೇಡಿ. ನಾಳೆ ಡಾಕ್ಟರ ಹತ್ರ ಹೋಗಿ ಬರೋಣ."

ಪೆನ್ನು ನಿಂತಿತು. "ಹನ್ನೊಂದೂನಾ?"

"ಹನ್ನೊಂದೂ. ಆ ಬಯಲಲ್ಲಂತೂ ಯಾರೋ ಕಂಬಕ್ಕೆ ತೋಡಿದ ಗುಂಡಿ ಇತ್ತು, ಅಷ್ಟೇ."

"ವಾಪಸ್ ತೆಗೆಯೋಕಾಗುತ್ತಾ?"

"ಅದ್ಹೇಗಾಗುತ್ತೆ? ಆಗ್ಲೇ ಜಾಲತಾಣಕ್ಕೆ ಏರಿದೆ, ಮುನ್ನೂರು ಜನ ಇಳಿಸ್ಕೊಂಡಿದ್ದಾರೆ, ನೋಡಿ!" ಹೆಮ್ಮೆಯಿಂದ ಫೋನು ಹಿಡಿದಳು.

ಪೊಲೀಸರ ಪಟ್ಟಿ ಮೊಟ್ಟಮೊದಲ ಬಾರಿಗೆ ಅವಳ ನಕ್ಷೆಯ ಮೇಲೆ ಕೂತಿತ್ತು. ಕಳುವಾದ ಕಲ್ಲಿಗೆಲ್ಲ ಕೆಂಪು ಚುಕ್ಕೆ. ಅವಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅವಳು ಅಳೆದ ಇಪ್ಪತ್ತೊಂಬತ್ತೂ ಕೆಂಪು. ಮಾವನ ಹನ್ನೊಂದರಲ್ಲಿ ಒಂದೂ ಇಲ್ಲ.

ಮಾವ ಪೇಪರು ಮಡಚಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಆ ಗುಂಡಿ ಕಂಬಕ್ಕೆ ತೋಡಿದ್ದಲ್ಲಮ್ಮ. ನಿನ್ನ ಇಪ್ಪತ್ತೊಂಬತ್ತನ್ನ ಕಿತ್ತವರೇ, ನಕ್ಷೆ ಹಿಡ್ಕೊಂಡು ಬಂದು, ನನ್ನ ಕಲ್ಲಿಗೆ ಅಗೆದದ್ದು."