ಸರೋವರದ ನಡುವಿನ ಬಿಳಿ ಮನೆ

“ದ್ವೀಪ ಎಲ್ಲಿ?” ಎಂದಳು ಹೆಂಡತಿ.

ಅವನು ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. ಕೆಳಗೆ ಬೆಟ್ಟಗಳ ನಡುವೆ ಸರೋವರ ಹರಡಿಕೊಂಡಿತ್ತು. ನೀರಿತ್ತು, ಒಂದೆರಡು ದೋಣಿಗಳಿದ್ದವು, ಆಚೆ ದಡದಲ್ಲಿ ಕಾಡಿತ್ತು. ದ್ವೀಪ ಮಾತ್ರ ಇರಲಿಲ್ಲ. ದ್ವೀಪವೇ ಇಲ್ಲದ ಮೇಲೆ ಅದರ ಮೇಲಿನ ಬಿಳಿ ಮನೆಯ ಮಾತೆಲ್ಲಿ ಬಂತು?

“ನೀರು ಇಳಿದಿದೆ ನೋಡು, ಅದಕ್ಕೇ ಕಾಣ್ತಿಲ್ಲ.”

“ನೀರು ಇಳಿದರೆ ದ್ವೀಪ ಇನ್ನೂ ಚೆನ್ನಾಗಿ ಕಾಣಬೇಕಲ್ವೇನ್ರೀ?”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಇಪ್ಪತ್ತು ವರ್ಷ, ಕೆಲಸದ ಮೇಲೆ, ವಾರಕ್ಕೆ ಮೂರು ಸಲ ಈ ಘಾಟಿ ಹತ್ತಿದ್ದೇನೆಂದು ಹೇಳಿಕೊಂಡವನು ಅವನು. ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ಕುಳಿತು ಸರೋವರದ ಪುರಾಣ ಶುರು ಮಾಡುತ್ತಿದ್ದ. ಇವತ್ತು ನೀರು ಅಚ್ಚ ನೀಲಿ. ಇವತ್ತು ಮಂಜು. ಇವತ್ತು ದ್ವೀಪದ ಬಿಳಿ ಮನೆಯವರು ಅಂಗಳದಲ್ಲಿ ಬಟ್ಟೆ ಒಣಹಾಕಿದ್ದರು. ಹಾಸಿಗೆ ಹಿಡಿದ ಅತ್ತೆಯ ಸೇವೆಯಲ್ಲಿ ಹೊಸ್ತಿಲು ದಾಟದ ಹೆಂಡತಿ, ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಮುಖ ಅರಳುತ್ತಿತ್ತು. ಆ ಮುಖ ನೋಡಲು ಅವನು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುತ್ತಿದ್ದ. ದ್ವೀಪವೂ ಸುಳ್ಳು, ಬಿಳಿ ಮನೆಯೂ ಸುಳ್ಳು, ಒಣಗಿದ ಬಟ್ಟೆಯೂ ಸುಳ್ಳು.

ಅತ್ತೆ ತೀರಿಕೊಂಡು ವರ್ಷ ಕಳೆಯಿತು. ಅವನೂ ನಿವೃತ್ತನಾದ. “ನಿಮ್ಮ ಸರೋವರ ತೋರಿಸಿ” ಎಂದು ಹೆಂಡತಿ ಹಟ ಹಿಡಿದಳು. ಮಂಡಿನೋವು ಎಂದ, ಎಣ್ಣೆ ತಿಕ್ಕಿದಳು. ಕಾರಿಲ್ಲ ಎಂದ, ಅಳಿಯನ ಕಾರು ತರಿಸಿದಳು. ಇನ್ನು ತಪ್ಪಿಸಿಕೊಳ್ಳಲು ನೆಪ ಉಳಿದಿರಲಿಲ್ಲ.

ಕಾರು ಮತ್ತೆ ಹೊರಟಿತು. ದಾರಿಯೇನೋ ಅವನಿಗೆ ಬಾಯಿಪಾಠ. ಮುಂದೆ ರಸ್ತೆ ಕುಸಿದಿದೆ ಎಂದರೆ ಕುಸಿದಿರುತ್ತಿತ್ತು. ತಿರುವು ಬಂದಾಗಲೆಲ್ಲ, ನೆತ್ತಿಯ ಮೇಲೆ ಬಿಸಿಲಿದ್ದರೂ, ಅವನ ಬೆರಳು ತಾನಾಗಿ ಹೋಗಿ ಹೆಡ್‌ಲೈಟ್ ಮಿನುಗಿಸುತ್ತಿತ್ತು.

“ಯಾರಿಗ್ರೀ ಕಣ್ಣು ಹೊಡೀತಿದೀರಿ?” ಎಂದಳು ಹೆಂಡತಿ.

“ಅಭ್ಯಾಸ ಕಣೇ.”

“ಒಳ್ಳೇ ಅಭ್ಯಾಸ.”

ಚಹಾದಂಗಡಿಯ ಮುದುಕಿ ಅವನನ್ನು ಕಂಡು ಹಣೆಗೆ ಕೈ ಅಡ್ಡ ಹಿಡಿದು ದಿಟ್ಟಿಸಿದಳು. “ಅಯ್ಯೋ, ನೀವಾ ಅಣ್ಣ? ಈ ಹೊತ್ತಿನಲ್ಲಿ ನಿಮ್ಮ ಮುಖ ನೋಡಿದ್ದೇ ಇಲ್ವಲ್ಲ. ಯಾವಾಗಲೂ ಅಷ್ಟು ಜನರನ್ನ ಕಟ್ಟಿಕೊಂಡು ಬರ್ತಿದ್ರಿ, ಇವತ್ತು ಇವರೊಬ್ಬರೇನಾ?”

ಚಹಾ ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಹೆಂಡತಿ ಅವನ ಬೆನ್ನು ತಟ್ಟಿದಳು, ಸ್ವಲ್ಪ ಜೋರಾಗಿಯೇ.

“ನಿಜ ಹೇಳಿ,” ಎಂದಳು ಕಾರಿಗೆ ಮರಳುವಾಗ, “ಸರೋವರ ನೋಡೋಕೇ ಬರ್ತಿದ್ರಾ, ಇಲ್ಲ ಈ ಕಡೆ ಇನ್ನೊಂದು ಸಂಸಾರ ಇತ್ತಾ?”

“ಏನು ಮಾತು ಅಂತ ಆಡ್ತೀಯ!” ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಿತ್ತು ಅವನ ದನಿ. ಅವಳ ತುಟಿಯಂಚಿನಲ್ಲಿ ನಗುವಿತ್ತೋ ಸಿಟ್ಟಿತ್ತೋ, ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ಅವನಿಗೆ ನಿಜಕ್ಕೂ ಸಂಕಟವಾಯಿತು. ಅವನು ಮನೆಗೆ ಬಂದ ದಿನಗಳಲ್ಲಿ ಈ ಹೆಂಗಸು ಕಿಟಕಿಗಳಿಗೆ ದಪ್ಪ ಪರದೆ ಎಳೆದು, ಮಕ್ಕಳ ಬಾಯಿ ಮುಚ್ಚಿಸಿ, ಕುಕ್ಕರ್ ಕೂಡ ಕೂಗಿಸದೆ ಅವನನ್ನು ನೋಡಿಕೊಂಡಿದ್ದಳು. ಅಂಥವಳಿಗೆ ಅಷ್ಟೂ ವರ್ಷ ಬುರುಡೆ ಬಿಟ್ಟಿದ್ದ. ಒಂದು ಸುಳ್ಳು ಹೊರಬಿದ್ದರೆ ಉಳಿದ ಮಾತನ್ನಾದರೂ ಅವಳು ಯಾಕೆ ನಂಬಬೇಕು? ಈ ವಯಸ್ಸಿನಲ್ಲಿ ಅವಳ ನಂಬಿಕೆ ಕಳೆದುಕೊಂಡು ಮನೆಗೆ ಹೋಗುವುದಾದರೂ ಹೇಗೆ?

ಸಂಜೆ ಇಬ್ಬರೂ ದಡದ ಕಟ್ಟೆಯ ಮೇಲೆ ಕುಳಿತರು. “ಒಂದು ಮಾತು ಹೇಳಬೇಕು,” ಎಂದ.

“ಆಮೇಲೆ ಹೇಳಿ. ಮೊದಲು ಸುಮ್ನೆ ನೋಡಿ.”

ನೋಡಿದ. ಸೂರ್ಯ ಬೆಟ್ಟದ ಹಿಂದೆ ಜಾರುತ್ತಿದ್ದ. ನೀರು ಮೊದಲು ಹೊಂಬಣ್ಣವಾಯಿತು, ಆಮೇಲೆ ತಾಮ್ರ, ಆಮೇಲೆ ಹೆಸರೇ ಗೊತ್ತಿಲ್ಲದ ಯಾವುದೋ ಬಣ್ಣ. ಇಷ್ಟು ವರ್ಷದ ಪುರಾಣದಲ್ಲಿ ಈ ಬಣ್ಣ ಒಂದು ಸಲವೂ ಬಂದಿರಲಿಲ್ಲ. ಮಹಾರಾಯ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ. ಹೆಂಡತಿ ಸರೋವರ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದುದು ಅವನ ಗಮನಕ್ಕೆ ಬರಲಿಲ್ಲ.

“ಆ ದ್ವೀಪ ಇಲ್ಲವೇ ಇಲ್ಲ ಕಣೇ,” ಎಂದ ಕೊನೆಗೆ. “ಬಿಳಿ ಮನೆನೂ ಇಲ್ಲ. ಎಲ್ಲ ನಾನೇ ಕಟ್ಟಿದ್ದು.”

“ಗೊತ್ತು. ಅದು ನಮ್ಮ ಅಡುಗೆಮನೆಯ ಹಳೇ ಕ್ಯಾಲೆಂಡರಿನ ಚಿತ್ರ. ಅದರ ಕೆಳಗೇ ನಿಂತು ಪಾತ್ರೆ ತಿಕ್ಕಿದವಳು ನಾನು.”

ಅವನು ತಬ್ಬಿಬ್ಬಾದ. “ಯಾವಾಗಿಂದ ಗೊತ್ತು?”

“ಮೊದಲನೇ ದಿನದಿಂದ.”

“ಮತ್ತೆ ಬೆಳಗಿಂದ ದ್ವೀಪ ಎಲ್ಲಿ, ದ್ವೀಪ ಎಲ್ಲಿ ಅಂತ ಪ್ರಾಣ ತಿಂದೆಯಲ್ಲ?”

“ಅಷ್ಟು ವರ್ಷ ನೀವು ಆಟ ಆಡಿಸಿದಿರಿ, ನಾನು ಒಂದು ದಿನ ಆಡಿಸಬಾರದಾ?”

“ಇಲ್ಲದ್ದು ಗೊತ್ತಿದ್ದೂ ಇಷ್ಟು ದೂರ ಯಾಕೆ ಹೊರಡಿಸಿದೆ?”

“ಇಪ್ಪತ್ತು ವರ್ಷ ಈ ಸರೋವರದ ಪಕ್ಕದಲ್ಲೇ ರಾತ್ರಿ ಬಸ್ಸು ಓಡಿಸಿದಿರಿ, ಹೆಡ್‌ಲೈಟ್ ಬಿದ್ದಷ್ಟು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ,” ಎಂದಳು ಹೆಂಡತಿ, “ಒಂದು ಸಲವಾದರೂ ನಿಮಗೆ ಹಗಲಲ್ಲಿ ತೋರಿಸೋಣ ಅಂತ ಕರ್ಕೊಂಡು ಬಂದೆ.”