ತಾತನ ಎದೆಯ ಮೇಲಿನ ದಿಂಬು

ಹೊಸ ಹತ್ತಿಯ ವಾಸನೆ ಬಂದರೆ ಈಗಲೂ ನನಗೆ ಆಂಧ್ರದ ಆದೋನಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹೃದಯದ ಆಪರೇಷನ್ ಆಗಿ ಮನೆಗೆ ಬಂದಿದ್ದ ತಾತ, ಎದೆಯ ಹೊಲಿಗೆ ಬಿಚ್ಚೀತೆಂಬ ಭಯದಿಂದ ಕೆಮ್ಮನ್ನೇ ತಡೆದುಕೊಂಡು ಬೆವರುತ್ತಿದ್ದರು. ಕಫ ಒಳಗೇ ಉಳಿದರೆ ಮತ್ತೆ ಆಸ್ಪತ್ರೆಯೇ ಎಂದು ನರ್ಸಮ್ಮ ಹೇಳಿ ಕಳಿಸಿದ್ದರು. ಅಜ್ಜಿ ಹತ್ತಿ ತುಂಬಿ ಪುಟ್ಟ ದಿಂಬೊಂದನ್ನು ಹೊಲಿದು ತಂದಳು.

"ಇದನ್ನ ಎದಿಗೆ ಅವಚಿಕೊಂಡು ಕೆಮ್ಮ್ರಿ. ನೋವು ತಡಕೋಬಹುದಂತ."

ತಾತ ಎರಡೂ ಕೈಗಳಿಂದ ದಿಂಬನ್ನು ಎದೆಗೆ ಅವಚಿಕೊಂಡರು, ಕೆಮ್ಮಲು ಮಾತ್ರ ಧೈರ್ಯ ಬರಲಿಲ್ಲ. ಎಂಟು ವರ್ಷದವಳಾಗಿದ್ದ ನಾನು ಮಂಚವೇರಿ, ಆ ಒರಟು ಕೈಗಳ ಮೇಲೆ ನನ್ನ ಕೈ ಇಟ್ಟೆ.

"ಮೆಲ್ಲಕ ಉಸಿರು ತಗೋ ತಾತಾ, ನಾ ಎಣಿಸ್ತೀನಿ. ಒಕಟಿ, ರೆಂಡು, ಮೂಡು..."

ಶಾಲೆಯ ತೆಲುಗಿನಲ್ಲಿ ನಾನು ಮೂರರವರೆಗೆ ಎಣಿಸುತ್ತಿದ್ದಂತೆ ತಾತ ಕೆಮ್ಮಿದರು. ಹೊಲಿಗೆ ಬಿಚ್ಚಲಿಲ್ಲ.

ಸಂಜೆ ನೆಂಟರು ಬಂದಾಗ ತಾತ ಪಿಸುಗುಟ್ಟಿದರು: "ಮೆಲ್ಲಕ ಮಾತಾಡ್ರಿ. ನಮ್ಮ ಡಾಕ್ಟರಮ್ಮ ಮಲಗ್ಯಾಳ."

ಪಕ್ಕದಲ್ಲೇ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಾನು ಕಣ್ಣು ತೆರೆಯಲೇ ಇಲ್ಲ.