ಮದ್ದಜ್ಜಿಯ ಸರದಿ

ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ ಎಂದು ವಾಸಂತಿ ಅತ್ತೆಗೆ ಮಾತು ಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಎಪ್ಪತ್ತಮೂರನೇ ಇಸವಿಯಲ್ಲಿ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ, ಮನೆಯವರೆಲ್ಲ ಸುದ್ದಿಯನ್ನು ಇಂಗ್ಲಿಷಿನಲ್ಲೇ ಮಾತಾಡಿಕೊಂಡರು. ಇಂಗ್ಲಿಷ್ ಬಾರದ ಅತ್ತೆ ಅಂಬುಜಮ್ಮ ಮಧ್ಯಾಹ್ನದವರೆಗೂ ಗಂಡನಿಗೆಂದು ಗಂಜಿ ಕಾಯಿಸಿ ಆರಿಸುತ್ತ ಕುಳಿತಿದ್ದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ, ಆಗಷ್ಟೇ ಮನೆಗೆ ಬಂದಿದ್ದ ಸೊಸೆಯಿಂದ ಆ ಮಾತು ತೆಗೆದುಕೊಂಡರು.

ಈಗ ಪುರಸೈವಾಕ್ಕಂನ ಮಹಡಿ ಮನೆಯಲ್ಲಿ ಸಂಜೆ ನಾಲ್ಕು ಗಂಟೆ. ನಾಳೆ ಬೆಳಿಗ್ಗೆ ಅತ್ತೆಗೆ ಹೊಟ್ಟೆಯ ಆಪರೇಷನ್, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು. ಗಂಡ ಮುರಳೀಧರ ಟ್ಯಾಕ್ಸಿ ತರಲು ಹೋಗಿದ್ದ. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ವಾಸಂತಿ ಚೀಲ ತುಂಬುತ್ತಿದ್ದಳು. ಒಂದೇ ಟವೆಲನ್ನು ಮೂರು ಸಲ ಮಡಿಚಿ ಮೂರು ಸಲ ಬಿಚ್ಚಿದಳು. ಗೆಡ್ಡೆ ತೆಗೆಯಬಹುದು, ಹೃದಯ ತಾಳುತ್ತದೋ ಇಲ್ಲವೋ ಹೇಳಲಾರೆ, ಅರ್ಧಕ್ಕರ್ಧ ಎಂದು ಡಾಕ್ಟರು ಅತ್ತೆಯ ಎದುರಿಗೇ, ಇಂಗ್ಲಿಷಿನಲ್ಲಿ, ಅವಳಿಗೆ ಹೇಳಿದ್ದರು. ಅದು ಗೊತ್ತಾದರೆ ಅತ್ತೆ ಹೊರಡುವುದಿಲ್ಲ. ಹೊರಡದಿದ್ದರೆ ಹೆಚ್ಚೆಂದರೆ ಎರಡು ತಿಂಗಳು.

ನಡುಮನೆಯಲ್ಲಿ ಅಂಬುಜಮ್ಮ ಟೀವಿಯ ಮುಂದೆ ಕೂತಿದ್ದರು. ವಾಸಂತಿಯ ತಮ್ಮ ಸಿಂಗಾಪುರದಿಂದ ತಂದುಕೊಟ್ಟ ಪುಟ್ಟ ಕಂಪ್ಯೂಟರನ್ನು ಹನ್ನೆರಡು ವರ್ಷದ ಮೊಮ್ಮಗಳು ತುಂಗಾ ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಆಟ ಹಾಕಿದ್ದಳು. ನಾಲ್ವರು ಒಂದು ಕೋಟೆ ಹುಡುಕಿಕೊಂಡು ಹೋಗುವ ಕಥೆ. ಪರದೆ ತುಂಬ ಇಂಗ್ಲಿಷ್ ಬರಹ. ತುಂಗಾ ಅದನ್ನು ಕನ್ನಡದಲ್ಲಿ ಹೇಳಬೇಕು, ಏನು ಮಾಡಬೇಕೆಂದು ಅಜ್ಜಿ ತೀರ್ಮಾನಿಸಬೇಕು, ಆಮೇಲೆ ತುಂಗಾ ಗುಂಡಿ ಒತ್ತಬೇಕು. ಈ ತಮಿಳು ಊರಿನಲ್ಲೇ ಬೆಳೆದು, ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಈ ಆಟದ ದೆಸೆಯಿಂದ ಕನ್ನಡ ಆಡತೊಡಗಿದ್ದಳು. ಆ ನಾಲ್ವರಲ್ಲಿ ಗಾಯಕ್ಕೆ ಸೊಪ್ಪು ಅರೆದು ಹಚ್ಚುವ ಮುದುಕಿಯೊಬ್ಬಳಿದ್ದಳು. ಅಂಬುಜಮ್ಮ ಅವಳಿಗೆ ಮದ್ದಜ್ಜಿ ಎಂದು ಹೆಸರಿಟ್ಟು, ಅದು ನಾನೇ ಕಣೇ ಎಂದಿದ್ದರು.

“ಇದರಲ್ಲಿ ಒಂದು ಒಳ್ಳೇದಿದೆ ನೋಡೇ,” ಎನ್ನುತ್ತಿದ್ದರು ಅಂಬುಜಮ್ಮ. “ರಾಕ್ಷಸನೂ ತನ್ನ ಸರದಿ ಬರೋ ತನಕ ಕೈ ಎತ್ತಲ್ಲ. ನಾನು ತುಳಸಿಗೆ ನೀರು ಹಾಕಿ ಬಂದರೂ ಹಾಗೇ ನಿಂತಿರ್ತಾನೆ. ನಿಮ್ಮಮ್ಮನ ಬ್ಯಾಂಕಿನ ಕ್ಯೂನಲ್ಲೂ ಇಷ್ಟು ಮರ್ಯಾದೆ ಇಲ್ಲ.”

“ಕೆಟ್ಟದ್ದು ಏನಜ್ಜಿ?”

“ಕ್ಯಾಸೆಟ್ ಓಡಿ ಆಟ ಶುರುವಾಗೋ ಹೊತ್ತಿಗೆ ಕುಕ್ಕರಲ್ಲಿ ಅನ್ನ ಆಗಿರತ್ತೆ. ಆಮೇಲೆ ಹೆಜ್ಜೆಗೊಂದು ಇಲಿ ಅಡ್ಡ ಬರತ್ತೆ. ಹೊಡೆದ ಇಲೀನೇ ಎಷ್ಟು ಸಲ ಹೊಡೆಯೋದು? ಅಷ್ಟರಲ್ಲಿ ಕಥೆ ಎಲ್ಲಿಗೆ ಬಂದಿತ್ತು ಅನ್ನೋದೇ ಮರೆತುಹೋಗತ್ತೆ. ಇರಲಿ, ಬಾಣದ ಹುಡುಗನಿಗೆ ಪೆಟ್ಟು ಬಿತ್ತಲ್ಲ, ಮದ್ದಜ್ಜಿ ಹತ್ರ ಮದ್ದು ಹಚ್ಚಿಸು.”

ತುಂಗಾ ಯಾವುದೋ ಗುಂಡಿ ಒತ್ತಿದಳು. “ಹಚ್ಚಿದಳು ಅಜ್ಜಿ. ಈಗ ಪರವಾಗಿಲ್ಲ ಅವನಿಗೆ.”

ಟವೆಲ್ ಹಿಡಿದುಕೊಂಡೇ ಬಂದ ವಾಸಂತಿ ಮಗಳ ಭುಜದ ಮೇಲಿಂದ ಪರದೆ ನೋಡಿದಳು. ಮೂಲೆಯಲ್ಲಿ ನಾಲ್ಕು ಹೆಸರುಗಳಿದ್ದವು. ಮುದುಕಿಯ ಹೆಸರಿನ ಪಕ್ಕದಲ್ಲಿ, ಸತ್ತಿದ್ದಾಳೆ ಎಂದು ಬರೆದಿತ್ತು. ಬಾಣದ ಹುಡುಗನ ಗಾಯ ಹಾಗೇ ಇತ್ತು. ತುಂಗಾ ತಿರುಗಿ ತಾಯಿಯನ್ನು ಕಂಡು ಬಿಳಿಚಿಕೊಂಡಳು.

“ಡೋಂಟ್ ಟೆಲ್ ಹರ್, ಅಮ್ಮ,” ಎಂದಳು ಮೆಲ್ಲಗೆ. ಮುದುಕಿ ಮಂಗಳವಾರವೇ ಸತ್ತಳು, ಕಥೆ ಇರುವುದೇ ಹಾಗೆ, ಏನು ಮಾಡಿದರೂ ಬದುಕಿಸಲು ಬಿಡುವುದಿಲ್ಲ ಎಂದು ಇಂಗ್ಲಿಷಿನಲ್ಲೇ ಗಡಬಡಿಸಿದಳು.

ಅಂಬುಜಮ್ಮ ಪರದೆಯಿಂದ ಕಣ್ಣು ತೆಗೆದರು. “ಈ ಮನೇಲಿ ಇಂಗ್ಲಿಷ್ ಶುರುವಾಯ್ತು ಅಂದ್ರೆ ನನ್ನಿಂದ ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಅರ್ಥ. ವಾಸಂತಿ, ಅಲ್ಲಿ ಏನು ಬರೆದಿದೆ ಓದು.”

“ಹೊರಡೋ ಹೊತ್ತು ಅತ್ತೆ, ಈಗ ಯಾಕೆ...”

“ಓದು.”

ತುಂಗಾ ತಾಯಿಯ ಸೆರಗು ಹಿಡಿದುಕೊಂಡಳು. ವಾಸಂತಿ ಬಿಡಿಸಿಕೊಂಡಳು. “ಮದ್ದಜ್ಜಿ ಇಲ್ಲ ಅತ್ತೆ. ಮಂಗಳವಾರವೇ ಹೋದಳಂತೆ. ನಿಮಗೆ ಬೇಜಾರಾಗತ್ತೆ ಅಂತ ಇವಳು ಹೇಳಿಲ್ಲ.”

“ಮೂರು ದಿನ ಸತ್ತೋಳ ಕೈಲಿ ಸೊಪ್ಪು ಅರೆಸಿದೆಯಲ್ಲೇ ಕಳ್ಳಿ,” ಎಂದರು ಅಂಬುಜಮ್ಮ. ನಗಲು ನೋಡಿದರು, ಆಗಲಿಲ್ಲ. “ಹ್ಯಾಗೆ ಹೋದಳು?”

“ಸೇತುವೆ ಹತ್ರ,” ತುಂಗಾ ಮೂಗೊರೆಸಿಕೊಂಡಳು. “ಮಿಕ್ಕೋರೆಲ್ಲ ದಾಟಿದಾರೆ. ಅಪ್ಪುರಂ, ಆಮೇಲೆ, ಅವಳು ಬರಬೇಕಿತ್ತು. ಬರಲಿಲ್ಲ.”

ಅಂಬುಜಮ್ಮ ಸೊಸೆಯ ಕಡೆ ತಿರುಗಿದರು. “ನೀನೊಬ್ಬಳು ನಿಜ ಹೇಳ್ತೀಯ. ಅದಕ್ಕೇ ನಿನ್ನ ಕೇಳ್ತೀನಿ, ಮುರಳೀನ ಕೇಳಲ್ಲ. ಆವತ್ತು ಡಾಕ್ಟರು ಇಂಗ್ಲಿಷಲ್ಲಿ ಅಷ್ಟು ಹೊತ್ತು ನಿನಗೆ ಏನು ಹೇಳಿದರು?”

ಕೆಳಗೆ ಟ್ಯಾಕ್ಸಿ ಬಂದು ನಿಂತಿತು. ಎರಡು ಸಲ ಹಾರ್ನ್ ಕೇಳಿಸಿತು.

“ಸಣ್ಣ ಆಪರೇಷನ್ ಅಂದ್ರು ಅತ್ತೆ,” ಎಂದಳು ವಾಸಂತಿ. “ಹೃದಯ ಗಟ್ಟಿಯಾಗಿದೆ, ಹತ್ತು ದಿನಕ್ಕೆಲ್ಲ ಮನೆಗೆ ಕಳಿಸ್ತೀವಿ ಅಂದ್ರು.”

“ನೀನು ಹೇಳಿದ ಮೇಲೆ ಮುಗೀತು,” ಎಂದು ಅಂಬುಜಮ್ಮ ಎದ್ದರು. ತಾವೇ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಕಾಯದೆ ಮೆಟ್ಟಿಲು ಇಳಿಯತೊಡಗಿದರು.

ವಾಸಂತಿ ಕೊಟ್ಟ ಮಾತು ಮುರಿದಿದ್ದಳು.